ಕೆಳಗೆ ಇಟ್ಟ ಚಾಕು

ಮಾಧವನಗರದ ನಮ್ಮ ಮನೆ ಹಿಂದಿನ ತಗಡಿನ ಪತ್ರಾ ಶೆಡ್ಡಿನಲ್ಲಿ ನಾಲ್ಕು ರವಿವಾರ ಉಜ್ಜಿ ಉಜ್ಜಿ ಒಂದು ಚಾಕು ಮಾಡಿದೆ. ನನ್ನ ಕೈಯಿಂದ ಆದ ಮೊದಲನೆಯದು. ಟ್ರಾಲಿಯ ಮುರಿದ ಸ್ಪ್ರಿಂಗ್ ಪಟ್ಟಿಯ ಅಲಗು, ಜಾಲಿ ಕಟ್ಟಿಗೆಯ ಹಿಡಿಕೆ. ಮನೆಯವರೆಲ್ಲ "ಛಾನ್ ಆಗೇತಿ" ಅಂದರು. ಮನೆಯವರು ಇನ್ನೇನು ಅಂದಾರು?

ಪಕ್ಕದ ಖಾಲಿ ಹೊಲದಲ್ಲಿ ಸಲಗರೆ ಕಡೆಯ ಅಜ್ಜಿಯೊಬ್ಬಳು ಕುರಿ ತರುಬಿದ್ದಳು. ಕುರಿಗಳ ಬೆಳೆದ ಗೊರಸು ಕೆತ್ತುತ್ತಾ ಕೂತವಳ ಮುಂದೆ ಹೋಗಿ ಚಾಕು ಚಾಚಿದೆ.

"ಆಯಿ, ಇದರಲೆ ಒಂದು ಕೆತ್ತಿ ನೋಡ್ರಿ."

ಆಕೆ ಚಾಕು ನೋಡಿದಳು, ನನ್ನ ಮುಖ ನೋಡಿದಳು. ಕೈ ಮಾತ್ರ ಮುಂದೆ ಮಾಡಲಿಲ್ಲ.

ಚಾಕು ಆಕೆಗೆ ಹಿಡಿಸಲಿಲ್ಲ ಅಂದುಕೊಂಡೆ. "ಹಿಡಿಕಿ ಸ್ವಲ್ಪ ಸೊಟ್ಟ ಆಗೇತ್ರಿ," ಎಂದೆ. ಆಕೆ ಇನ್ನೂ ಚಾಕುವನ್ನೇ ನೋಡುತ್ತಿದ್ದಳು. "ತುದಿ ಎರಡ ಸಲ ಮುರದಿತ್ರಿ. ಒಂದ ಬಾಜೂ ದಪ್ಪನೂ ಉಳದೈತಿ."

"ತಮ್ಮಾ, ಮೊದಲ ಅದನ್ನ ಕೆಳಗ ಇಡು," ಎಂದಳು. "ಚಾಕು ಕೈಯಿಂದ ಕೈಯಾಗ ತಗೊಂಡ್ರ ಜಗಳ ಆಗತಾವ."

ನಮ್ಮವ್ವನೂ ಹೀಗೇ ಅನ್ನುತ್ತಾಳೆ. ಗಾಬರಿಯಲ್ಲಿ ಮರೆತಿದ್ದೆ. ಕಲ್ಲಿನ ಮೇಲೆ ಇಟ್ಟೆ. ಅಜ್ಜಿ ಎತ್ತಿಕೊಂಡು, ಕುರಿಯ ಕಾಲನ್ನು ತೊಡೆಗೆ ಎಳೆದುಕೊಂಡು ಕೆತ್ತಿದಳು. ಗೊರಸಿನ ಸಿಪ್ಪೆ ಕೊಬ್ಬರಿ ಹೆರೆದಂತೆ ತೆಳ್ಳಗೆ ಸುರುಳಿಯಾಗಿ ಬಿತ್ತು. ಆಮೇಲೆ ಇನ್ನೊಂದು ಕಾಲು. ಆಮೇಲೆ ಇನ್ನೊಂದು ಕುರಿ. ತನ್ನ ಹಳೆ ಚಾಕುವಿನ ಕಡೆ ತಿರುಗಿಯೂ ನೋಡಲಿಲ್ಲ.

"ಚಲೋ ಕೊಯ್ತೈತಿ," ಎಂದಳು. "ಹಿಡಿಕಿ ಸೊಟ್ಟ ಐತಿ ಅಂತ ನೀನ ಹೇಳಿದಿ. ಇಲ್ಲಾಂದ್ರ ನನಗೆಲ್ಲಿ ಗೊತ್ತಾಗತಿತ್ತು?"

ಈಗ ಎರಡನೆಯದಕ್ಕೆ ಕೈ ಹಚ್ಚಿದ್ದೇನೆ. ಇದರ ಹಿಡಿಕೆಯೂ ತುಸು ಸೊಟ್ಟಗೇ ಆಗಿದೆ. ಈ ಸಲ ಕೆಳಗಿಟ್ಟು, ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ.