ಪ್ರೊಸೀಜರ್ ನುಂಗಿದ ಎರರ್

ಎರಡು ಸಾವಿರದ ಇಸವಿ ದಾಟಿದ ಮೇಲೆ, ಮಹಾರಾಷ್ಟ್ರದ ಗಡಿಯೂರು ಜತ್ತದಲ್ಲಿ ಹಳ್ಳಿಗಳಿಗೆ ನೀರಿನ ಟ್ಯಾಂಕರ್ ಕಳಿಸುವ ಗುತ್ತಿಗೆದಾರರೊಬ್ಬರ ಆಫೀಸಿಗೆ ನಾನು ಪ್ರೋಗ್ರಾಮರ್ ಆಗಿ ಸೇರಿದೆ. ಅಲ್ಲಿದ್ದ ಸೀನಿಯರ್‌ಗೆ ಮೊದಲ ದಿನದಿಂದಲೇ ನನ್ನನ್ನು ಕಂಡರೆ ಆಗುತ್ತಿರಲಿಲ್ಲ, ನನಗೂ ಅಷ್ಟೇ. ನೀರಿನ ಬೇಡಿಕೆಯನ್ನು ಡೇಟಾಬೇಸಿಗೆ ಸೇರಿಸುವ ಸ್ಟೋರ್ಡ್ ಪ್ರೊಸೀಜರ್ ಎಂಬ ಪ್ರೋಗ್ರಾಂ ತುಣುಕು ಅವನೇ ಬರೆದದ್ದು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಒಂದು ಬೇಸಿಗೆ ಮುಂಜಾನೆ, ಸನಮಡಿ ಕಡೆಯ, ಹೊಲಗಳ ನಡುವಿನ ನಾಲ್ಕಾರು ಮನೆಗಳ ವಸ್ತಿಯೊಂದರಿಂದ ಕುರಿ ಸಾಕುವ ಹೆಂಗಸೊಬ್ಬಳು ಬಂದು ಖಾಲಿ ಕೊಡವನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ಸೋಮಾರ ಹೇಳಿ ಹೋಗೇವಿ. ನೀರಿನ ಗಾಡಿ ಎಲ್ಲೈತಿ? ಮರಿ ಸಾಯಾಕತ್ತಾವ."

ಅವನು ಪರದೆ ನೋಡಿದ. "ಕಂಪ್ಯೂಟರ್‌ನ್ಯಾಗ ಸನಮಡಿ ಕಡೀ ವಸ್ತಿ ಯಾವುದೂ ಇಲ್ಲ. ನೀವು ಹೇಳೇ ಇಲ್ಲ."

"ಹಂಗಾರ ನಾ ಸುಳ್ಳ ಹೇಳಾಕತ್ತೀನೇನು?"

ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದ, ಬೇಡಿಕೆ ತುಂಬುವ ಆಪರೇಟರ್ ಎದ್ದು ನಿಂತರು. "ನಾನ ತುಂಬೇನ್ರಿ. 'ನೋಂದ್ ಝಾಲಿ' ಅಂತ ಪರದಿ ಮ್ಯಾಲ ಬಂತ್ರಿ." ನೋಂದಣಿ ಆಯಿತು ಎಂಬುದರ ಮರಾಠಿ ಅದು.

"ತುಂಬಿದ್ರ ಎಲ್ಲಿ ಹೋತು? ಕಣ್ಣ ಕಾಣಂಗಿಲ್ಲಂದ್ರ ಮನಿಯಾಗ ಕುಂದ್ರಿ," ಎಂದು ಅವನು ಎಲ್ಲರೆದುರು ಅವರಿಗೆ ಅಂದುಬಿಟ್ಟ.

ನಾನು ಯಾರನ್ನೂ ಕೇಳದೆಯೇ ಪ್ರೊಸೀಜರ್ ತೆರೆದೆ. ವಳಸಂಗದ ಕಡೆಯೂ ಅದೇ ಹೆಸರಿನ ವಸ್ತಿ ಇತ್ತು, ಅದರ ಬೇಡಿಕೆ ಆ ಸೋಮವಾರ ಮೊದಲೇ ಸೇರಿತ್ತು. ಒಂದೇ ದಿನ ಒಂದೇ ಹೆಸರು ಎರಡು ಸಲ ಬಂದದ್ದಕ್ಕೆ ಡೇಟಾಬೇಸು ಎರಡನೆಯದನ್ನು ಒಳಗೆ ಬಿಟ್ಟಿರಲಿಲ್ಲ, ಎರರ್ ಕೊಟ್ಟಿತ್ತು. ಆದರೆ ಯಾವ ಎರರ್ ಬಂದರೂ ಏನೂ ಮಾಡದೆ ಮುಂದೆ ಹೋಗು ಎಂದು ಅವನು ಬರೆದಿಟ್ಟಿದ್ದ. ಬೇಡಿಕೆ ಇನ್ಸರ್ಟ್ ಆಗಲಿ ಬಿಡಲಿ, ಕೊನೆಗೆ ಬರುತ್ತಿದ್ದದ್ದು 'ನೋಂದ್ ಝಾಲಿ'ಯೇ.

"ಎರರ್ ಯಾಕ ನುಂಗಿಸೀರಿ?" ಎಂದು ಅವನನ್ನು ಕೇಳಿದೆ.

"ಪರದಿ ಮ್ಯಾಲ ಎರರ್ ಕಂಡ್ರ ಮಾಲಕರು ನನಗ ಬೈತಾರ."

"ಅದಕ್ಕ ಆಪಾಗ ಬೈತೀ ಏನು?" ಅವತ್ತು ಮೊದಲ ಸಲ ಅವನ ಜೊತೆ 'ರಿ' ಬಿಟ್ಟು ಮಾತಾಡಿದೆ.

"ನೀ ನಿನ್ನ ಕೆಲಸ ನೋಡ್ಕೊ."

ಕೂಗಾಟ ಕೇಳಿ ಮಾಲಕರು ಹೊರಗೆ ಬಂದರು. ಆ ವಸ್ತಿಗೆ ತಕ್ಷಣ ಟ್ಯಾಂಕರ್ ಹೊರಡಿಸಿ, ಪ್ರೊಸೀಜರ್ ತಿದ್ದಲು ನನಗೆ ಹೇಳಿದರು. ಹೆಂಗಸು ಯಾರಿಗೂ ಒಳ್ಳೆಯ ಮಾತಾಡಲಿಲ್ಲ. ಟ್ಯಾಂಕರಿನ ಮುಂದಿನ ಸೀಟಿಗೆ ಹತ್ತಿ ಬಾಗಿಲು ಬಡಿದಳು.

ನಾನು ವಸ್ತಿಯ ಜೊತೆ ಊರಿನ ಹೆಸರನ್ನೂ ಸೇರಿಸಿ ನೋಡುವಂತೆ ಮಾಡಿದೆ. ಇನ್ಸರ್ಟ್ ಆಗದಿದ್ದರೆ ಅಲ್ಲಿಯವರೆಗೆ ಸೇರಿಸಿದ್ದನ್ನೆಲ್ಲ ರದ್ದು ಮಾಡಿ, ಕಾರಣ ಹೇಳಿ ನಿಲ್ಲುವಂತೆ ಬರೆದೆ. ಅಂದಿನಿಂದ ಪರದೆ ಮೇಲೆ ಎರರ್ ಮೇಲೆ ಎರರ್: ತಪ್ಪು ತಾರೀಖು, ಬಿಟ್ಟುಹೋದ ಊರಿನ ಹೆಸರು. ಪ್ರತಿಯೊಂದನ್ನೂ ತಿದ್ದಿ ಮತ್ತೆ ತುಂಬಬೇಕಾಗಿ ಬಂದ ಆಪರೇಟರ್‌ಗಳು ನನಗೆ ಶಾಪ ಹಾಕಿದರು. ಆಪಾ ಸಹಿತ, "ಮೊದಲಿಂದೇ ಚಲೋ ಇತ್ತು, ಲಗೂನ ಮನಿಗಿ ಹೋಗ್ತಿದ್ದೆ," ಎಂದು ಮುಖ ತಿರುಗಿಸಿದರು. ಸೀನಿಯರ್ ತನ್ನ ಕುರ್ಚಿಯನ್ನು ಗೋಡೆ ಕಡೆ ಎಳೆದುಕೊಂಡ. ನಾನು ಆ ಕೆಲಸ ಬಿಡುವವರೆಗೂ ಒಬ್ಬರಿಗೊಬ್ಬರು ಬೆನ್ನು ಮಾಡಿಯೇ ಕೂತೆವು.