ಮೊಟ್ಟೆ ಟ್ರೇಯಲ್ಲಿ ಉಳಿದ ಸ್ಕ್ರೂ

ಆ ಮನೆಯಲ್ಲಿ ಹೊಲಿಗೆ ಮಷೀನಿನ ಹತ್ತಿರ ಯಾರು ಬೇಕಾದರೂ ಸುಳಿಯಬಹುದಿತ್ತು. ಬೆಕ್ಕು ಅದರ ಮೇಲೆ ಮಲಗುತ್ತಿತ್ತು, ಪಕ್ಕದ ಮನೆಯ ಮಗು ಅದರ ಪೆಡಲಿನ ಮೇಲೆ ಕೂತು ಉಯ್ಯಾಲೆಯಾಡುತ್ತಿತ್ತು. ಲಿಫ್ಟಣ್ಣ ಮಾತ್ರ ಅದರಿಂದ ಒಂದು ಮಾರು ದೂರ ಇರಬೇಕು. ಇದು ಅವನ ಹೆಂಡತಿಯ ಕಾನೂನು. ಕಾನೂನಿಗೆ ಕಾರಣವೂ ಇತ್ತು. ಅದನ್ನು ಹೇಳದೆ ಮುಂದೆ ಹೋದರೆ ನೀವು ಪಾಪ ಆ ಹೆಂಗಸನ್ನೇ ಬೈದುಕೊಳ್ಳುತ್ತೀರಿ.

ಲಿಫ್ಟಣ್ಣ ಅಂದರೆ ಹಳೆಯ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವವನು. ಮನಸ್ಸು ಚಿನ್ನ, ಕೈಗುಣ ಮಾತ್ರ ದೇವರಿಗೇ ಪ್ರೀತಿ. ಗೋಡೆಗೆ ಮೊಳೆ ಹೊಡೆಯಲು ಹೋದರೆ ಗಾರೆ ಉದುರುತ್ತಿತ್ತು. ಬಲ್ಬು ಬದಲಿಸಲು ಹೋದರೆ ಹೋಲ್ಡರೇ ಕಿತ್ತು ಕೈಗೆ ಬರುತ್ತಿತ್ತು. ಒಂದು ದಿನ ಹೆಂಡತಿ ಹೊರಗೆ ಹೋಗಿದ್ದಾಗ, ಮಷೀನು ಕಿರುಗುಟ್ಟುತ್ತಿದೆಯಲ್ಲ ಎಂದು ಕನಿಕರಪಟ್ಟು, ಕಂಡ ಕಂಡ ತೂತಿಗೆಲ್ಲ ಎಣ್ಣೆ ಬಿಟ್ಟ. ಎಣ್ಣೆಯೆಂದರೆ ಎಲ್ಲ ಎಣ್ಣೆಯೂ ಒಂದೇ ಎಂದುಕೊಂಡಿದ್ದ ಮಹಾನುಭಾವ. ಬಿಟ್ಟದ್ದು ಅಡುಗೆ ಎಣ್ಣೆ. ಒಂದೆರಡು ದಿನ ಮಷೀನು ಸೊಗಸಾಗಿ ಓಡಿತು. ಆಮೇಲೆ ಎಣ್ಣೆ ಅಂಟಾಗಿ, ಅಂಟು ಅರಗಿನಂತಾಗಿ, ಚಕ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬಜಾರಿನ ಮೆಕ್ಯಾನಿಕ್ ಬಂದು ಬಿಚ್ಚಿ, ಮೂಸಿ ನೋಡಿ, "ಏನಮ್ಮಾ, ನಿಮ್ಮ ಯಜಮಾನ್ರು ಮಷೀನನ್ನ ಹುರಿದು ತಿನ್ನೋಕೆ ಹೊರಟಿದ್ರಾ?" ಎಂದ. ಅಷ್ಟಕ್ಕೇ ಬಿಟ್ಟನೇ? ಬಜಾರಿನ ತುಂಬ ಹೇಳಿಕೊಂಡು ನಕ್ಕ.

ಹೆಂಡತಿ ನಗಲಿಲ್ಲ. ಮನೆಮನೆಯ ಬಟ್ಟೆ ಹೊಲಿದು ಸಂಸಾರದ ಅರ್ಧ ಭಾರ ಹೊತ್ತವಳು ಅವಳು. ಸ್ಕ್ರೂಡ್ರೈವರು, ಚಿಮುಟ, ಮಷೀನ್ ಎಣ್ಣೆಯ ಬಾಟಲಿ ಎಲ್ಲವನ್ನೂ ಮಷೀನಿನ ಡ್ರಾಯರಿಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ತನ್ನ ಕೈಚೀಲಕ್ಕೆ ಸೇರಿಸಿದಳು.

"ಇನ್ಮೇಲೆ ಈ ಮನೇಲಿ ಯಾವುದಕ್ಕೂ ನೀವು ಕೈ ಹಾಕ್ಬೇಡಿ. ನಿಮ್ಗೆ ಕೈ ಮುಗೀತೀನಿ," ಎಂದಳು.

ಮೂಲೆಯ ಕುರ್ಚಿಯಲ್ಲಿದ್ದ ಅವಳ ಅಮ್ಮ, ಎಂದರೆ ಲಿಫ್ಟಣ್ಣನ ಅತ್ತೆ, "ಅಳಿಯಂದ್ರನ್ನ ಯಾಕೆ ಅಂತೀಯ ಬಿಡು. ಮಷೀನಿಗೂ ಹಸಿವಾಗಿರುತ್ತೆ ಅಂತ ಬಡಿಸಿದಾರೆ," ಎಂದರು. ಅವರ ಬಾಯಿ ಹಾಗೇ. ಸುಮ್ಮನೆ ಕೂತವರನ್ನೂ ಚುಚ್ಚದೆ ಬಿಡುವುದಲ್ಲ.

ಲಿಫ್ಟಣ್ಣನಿಗೆ ಬೈಗುಳ ನಾಟಲಿಲ್ಲ. ನಾಟಿದ್ದು ಬೇರೆ. ಅಕ್ಕಪಕ್ಕದ ಮನೆಗಳಿಂದ ದಿನಕ್ಕೊಮ್ಮೆಯಾದರೂ ಒಂದು ಮಾತು ಕೇಳಿಬರುತ್ತಿತ್ತು: "ರೀ, ಇದೊಂಚೂರು ನೋಡಿ." ಡಬ್ಬಿಯ ಮುಚ್ಚಳ ತೆಗೆಯಲು, ಕೊಡೆಯ ಕಡ್ಡಿ ಸರಿಮಾಡಲು, ಎಂಥ ಕ್ಷುಲ್ಲಕ ಕೆಲಸಕ್ಕೂ ಅದೇ ಮಾತು. ಗಂಡಂದಿರು ಗೊಣಗಿಕೊಂಡು ಎದ್ದು ಹೋಗುತ್ತಿದ್ದರು. ಇವನ ಮನೆಯಲ್ಲಿ ಆ ಮಾತು ಸತ್ತೇ ಹೋಗಿತ್ತು. ಮುಚ್ಚಳ ಬಿಗಿಯಾದರೆ ಹೆಂಡತಿ ಪಕ್ಕದ ಮನೆಗೆ ಒಯ್ಯುತ್ತಿದ್ದಳು. ಅವಳು ಒಂದೇ ಒಂದು ಸಲ ತನ್ನನ್ನು ಹಾಗೆ ಕರೆಯಲಿ ಎಂಬ ಆಸೆ ಅವನಿಗೆ. ನಗಬೇಡಿ, ಗಂಡಸಿನ ಆಸೆಗಳು ಹೊರಗಿನಿಂದ ನೋಡಲು ಹೀಗೇ ಚಿಲ್ಲರೆಯಾಗಿರುತ್ತವೆ.

ಇನ್ನು ಅವನ ನೌಕರಿಯೋ, ಕೈಗೆ ಕೆಲಸವೇ ಇಲ್ಲದ ನೌಕರಿ. ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಬೇಕು, ಬಾಗಿಲು ಎಳೆಯಬೇಕು, ಅಷ್ಟೆ. ಕಟ್ಟಡದ ಎದುರಿನ ಫುಟ್‌ಪಾತಿನಲ್ಲಿ ಗುಜರಿಯವನೊಬ್ಬ ಕೂರುತ್ತಿದ್ದ. ಅವನ ಗೋಣಿಯ ಮೇಲೆ ಒಂದು ದಿನ ಕೀಲಿ ಕೊಟ್ಟರೆ ಕುಪ್ಪಳಿಸುವ ತಗಡಿನ ಕಪ್ಪೆ ಕಂಡಿತು. ಕುಪ್ಪಳಿಸುತ್ತಿರಲಿಲ್ಲ, ಅದು ಬೇರೆ ಮಾತು. "ಸತ್ತಿದೆ ಅಣ್ಣಾ. ಬೇಕಾದ್ರೆ ಹಾಗೇ ತಗೊಂಡು ಹೋಗಿ," ಎಂದ ಗುಜರಿಯವನು.

ಲಿಫ್ಟಣ್ಣ ಅದನ್ನು ಲಿಫ್ಟಿಗೆ ತಂದು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಕೆಟ್ಟೇ ಹೋಗಿರುವುದನ್ನು ತಾನು ಇನ್ನೆಷ್ಟು ಕೆಡಿಸಬಲ್ಲೆ ಎಂದು ಅನ್ನಿಸಿದ್ದೇ ತಡ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗುಜರಿಯವನ ಹತ್ತಿರವೇ ಒಂದು ಪುಟ್ಟ ಸ್ಕ್ರೂಡ್ರೈವರ್ ಕೊಂಡು, ಜೀವನದಲ್ಲಿ ಮೊದಲ ಬಾರಿ ಹೆದರಿಕೆಯಿಲ್ಲದೆ ಒಂದು ವಸ್ತುವನ್ನು ಬಿಚ್ಚಿದ. ಒಳಗಿನ ಸ್ಪ್ರಿಂಗು ಸುಂಯ್ ಎಂದು ಚಿಮ್ಮಿ ಪಕ್ಕದಲ್ಲಿ ನಿಂತಿದ್ದ ಹೆಡ್‌ಕ್ಲರ್ಕ್ ಮೇಡಂ ಅವರ ಟಿಫಿನ್ ಚೀಲದೊಳಕ್ಕೆ ಹೋಗಿ ಬಿತ್ತು. ಉಳಿದ ಚಕ್ರಗಳನ್ನು ಪೇಪರಿನ ಮೇಲೆ ಹರವಿದ್ದ. ಮೂರನೇ ಮಹಡಿಯಲ್ಲಿ ಲಿಫ್ಟು ಎಂದಿನಂತೆ ಧಡಕ್ಕನೆ ನಿಂತಿತು. ಚಕ್ರಗಳೆಲ್ಲ ಉರುಳಿ ಬಾಗಿಲ ಸಂದಿಯಿಂದ ಕೆಳಗಿನ ಕತ್ತಲೆಗೆ ಜಾರಿದವು. ಕಪ್ಪೆಯ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಅವನು ಬಿಡಲಿಲ್ಲ. ಮಾರನೆಯ ದಿನ ಕ್ಯಾಂಟೀನಿನಿಂದ ಖಾಲಿ ಮೊಟ್ಟೆ ಟ್ರೇ ಕೇಳಿ ತಂದ. ಮೊದಲು ಬಿಚ್ಚಿದ್ದು ಮೊದಲ ಗುಳಿಗೆ, ಎರಡನೆಯದು ಎರಡನೆಯದಕ್ಕೆ, ಹೀಗೆ ಎಡದಿಂದ ಬಲಕ್ಕೆ. ಲಿಫ್ಟು ಎಷ್ಟು ಕುಲುಕಿದರೂ ಒಂದು ಸ್ಕ್ರೂ ಆಚೀಚೆ ಹೋಗುವಂತಿಲ್ಲ. ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಗುಜರಿಯಿಂದ ಮುಂದೆ ತಂದ ತಗಡಿನ ಬಾತುಕೋಳಿ ನಡೆಯಿತು. ಅದರ ಮುಂದಿನ ಕೋತಿ ಡೋಲು ಬಾರಿಸಿತು. ಲಿಫ್ಟಿನ ಜನ "ಇವತ್ತೇನಣ್ಣ ಪೇಷೆಂಟು?" ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದರು. ಒಬ್ಬರು ಕೋತಿಯ ಡೋಲು ಕೇಳಲೆಂದು ತಮ್ಮ ಮಹಡಿ ಬಂದರೂ ಇಳಿಯದೆ ಮತ್ತೆ ಮೇಲೆ ಹೋದರು.

ಆಟಿಕೆಗಳು ಅವನಿಗೆ ಬುದ್ಧಿ ಕಲಿಸಿದವು. ತಿರುಗದ ಚಕ್ರವನ್ನು ಬಲವಂತ ಮಾಡಬಾರದು, ಅದನ್ನು ಹಿಡಿದುಕೊಂಡಿರುವುದು ಬೇರೆಲ್ಲೋ ಇರುತ್ತದೆ. ಸ್ಕ್ರೂಡ್ರೈವರ್ ಎತ್ತುವ ಮೊದಲು ಕೈಯಿಂದ ನಿಧಾನ ತಿರುಗಿಸಿ, ಎಲ್ಲಿ ತಡೆಯುತ್ತದೆ ಎಂದು ಕಿವಿಗೊಟ್ಟು ಕೇಳಬೇಕು. ಗೊತ್ತಾಗದಿದ್ದರೆ ಕೈ ತೆಗೆದುಬಿಡಬೇಕು. ಅವನ ಹಳೆಯ ಅವಾಂತರಗಳೆಲ್ಲ ಆಗಿದ್ದು ಈ ಕೊನೆಯದನ್ನು ತಿಳಿಯದೆ.

ಆಟಿಕೆಗಳು ಒಂದೊಂದಾಗಿ ಮನೆಯ ಕಪಾಟು ಸೇರಿದವು. ಹೆಂಡತಿ ನೋಡಿ ನಕ್ಕಳು. "ಗೊಂಬೆ ಆಡೋ ವಯಸ್ಸಾ ನಿಮ್ದು? ಆಡ್ಕೊಳ್ಳಿ. ಗೊಂಬೆ ನಿಮ್ದು, ಮನೆ ನಂದು," ಎಂದಳು.

ಲಿಫ್ಟಣ್ಣ ತಲೆಯಾಡಿಸಿದ. ಆದರೆ ಕೈ ಕೇಳಬೇಕಲ್ಲ. ಬಚ್ಚಲ ಬಾಗಿಲಿನ ಚಿಲಕ ಎಂದಿನಿಂದಲೋ ಸಿಕ್ಕಿಕೊಳ್ಳುತ್ತಿತ್ತು. ಹೆಂಡತಿ ಬಟ್ಟೆ ಕೊಡಲು ಹೋದ ಸಮಯ ನೋಡಿ, ಅತ್ತೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದನ್ನು ಖಾತರಿ ಮಾಡಿಕೊಂಡು, ಕಳ್ಳನ ಹಾಗೆ ಹೋಗಿ ಸರಿಮಾಡಿದ. ಜೇಬಿನಲ್ಲಿ ಆಟಿಕೆ ಬಿಚ್ಚುವ ಪುಟ್ಟ ಸ್ಕ್ರೂಡ್ರೈವರ್ ಇದ್ದೇ ಇತ್ತು. ಇನ್ನೊಂದು ದಿನ ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್ ಹಾಕಿದ. ಮತ್ತೊಂದು ದಿನ ಟೀ ಪಾತ್ರೆಯ ಲಟಲಟ ಹಿಡಿಕೆಗೆ, ಗುಜರಿಯವನ ಡಬ್ಬಿಯಲ್ಲಿ ಹುಡುಕಿ ತಂದ ಹಿತ್ತಾಳೆ ಸ್ಕ್ರೂ ಕೂರಿಸಿದ.

ಹೆಂಡತಿಗೆ ಎಲ್ಲದಕ್ಕೂ ಒಂದೊಂದು ಕಾರಣ ಸಿಕ್ಕಿತು. ಚಿಲಕ ಹವಾ ಬದಲಾಗಿ ಸರಿಹೋಯಿತು. ನಲ್ಲಿಗೆ ಮನೆ ಓನರು ಯಾರನ್ನೋ ಕಳಿಸಿರಬೇಕು. ಹಿಡಿಕೆಯನ್ನು ತಾನೇ ಯಾವಾಗಲೋ ಬಿಗಿ ಮಾಡಿ ಮರೆತಿರಬೇಕು. ಗಂಡನ ಹೆಸರು ಮಾತ್ರ ಅವಳ ಲೆಕ್ಕಕ್ಕೇ ಬರಲಿಲ್ಲ.

"ಹೌದು ಹೌದು," ಎಂದರು ಅತ್ತೆ. "ಈ ಮನೆಗೆ ಯಾರೋ ಒಳ್ಳೇ ಡಾಕ್ಟ್ರು ಸಿಕ್ಕಿದಾರೆ. ತಾನೇ ತಾನಾಗಿ ವಾಸಿಯಾಗ್ತಾ ಇದೆ."

ಲಿಫ್ಟಣ್ಣ ಬಾಯಿಗೆ ಬೀಗ ಹಾಕಿಕೊಂಡು ಟೀ ಕುಡಿದ. ಹೇಳಿದರೆ ಎಲ್ಲಿ ಸ್ಕ್ರೂಡ್ರೈವರ್ ಕಿತ್ತುಕೊಳ್ಳುತ್ತಾಳೋ ಎಂಬ ಭಯ. ಹೇಳದಿದ್ದರೆ ಆ ಮಾತು ಈ ಜನ್ಮದಲ್ಲಿ ಕಿವಿಗೆ ಬೀಳುವುದಿಲ್ಲ ಎಂಬ ಸಂಕಟ.

ಹೀಗಿರುವಾಗ ಹೆಂಡತಿಗೆ ದೊಡ್ಡ ಕೆಲಸ ಸಿಕ್ಕಿತು. ಊರಿನ ನರ್ಸಿಂಗ್ ಹೋಮಿನ ನರ್ಸುಗಳಿಗೆಲ್ಲ ಕೋಟು ಹೊಲಿದುಕೊಡಬೇಕು. ಸೋಮವಾರ ಬೆಳಿಗ್ಗೆ ತಲುಪಿಸಿದರೆ ಮುಂದೆಯೂ ಅವರ ಕೆಲಸವೆಲ್ಲ ಅವಳಿಗೇ, ತಪ್ಪಿದರೆ ಬಜಾರಿನ ದೊಡ್ಡ ಟೈಲರಿಗೆ. ಬಿಡಿ ಬಿಡಿ ಬ್ಲೌಸು, ಲಂಗ ಹೊಲಿದು ಸಾಕಾಗಿದ್ದವಳು, ಊಟ ನಿದ್ದೆ ಬದಿಗಿಟ್ಟು ಕೂತಳು. ಮನೆ ತುಂಬ ಬಿಳಿ ಬಟ್ಟೆ. ಅತ್ತೆ ಗುಂಡಿ ಹಾಕಿದರು. ಲಿಫ್ಟಣ್ಣನಿಗೆ ಇಸ್ತ್ರಿ ಮಾಡಲು ಅನುಮತಿ ಸಿಕ್ಕಿತು, ಅದೂ ಹೆಂಡತಿಯ ಕಣ್ಣೆದುರಿಗೆ.

ಭಾನುವಾರ ಮಧ್ಯಾಹ್ನ, ಕೊನೆಯ ನಾಲ್ಕೈದು ಕೋಟು ಉಳಿದಿರುವಾಗ, ದಪ್ಪ ಕಾಲರಿನ ಮೇಲೆ ಸೂಜಿ ಮುರಿಯಿತು. ಅವಳು ಹೊಸ ಸೂಜಿ ಹಾಕಿ ಪೆಡಲು ತುಳಿದಳು. ಮಷೀನು ಗರಕ್ ಎಂದು ನಿಂತಿತು. ಮತ್ತೆ ತುಳಿದಳು. ಊಹೂಂ.

ಅವಳು ಓಡಿದ್ದು ಮೆಕ್ಯಾನಿಕ್ಕಿನ ಅಂಗಡಿಗೆ. ಶಟರು ಎಳೆದಿತ್ತು, ಅವನು ಅಕ್ಕನ ಊರಿಗೆ ಹೋಗಿದ್ದ. ಗೊತ್ತಿದ್ದ ಇನ್ನೊಬ್ಬಳು ಹೊಲಿಗೆಯವಳು ತನ್ನ ಮಷೀನು ಖಾಲಿಯಿಲ್ಲ ಎಂದಳು. ವಾಪಸು ಬಂದು ತಲೆಯ ಮೇಲೆ ಕೈ ಹೊತ್ತು ಕೂತಳು. ಕಣ್ಣಲ್ಲಿ ನೀರು. ಹೆಂಡತಿ ಅತ್ತದ್ದನ್ನು ಲಿಫ್ಟಣ್ಣ ನೋಡಿದ್ದು ಕಡಿಮೆ.

"ನಾನೊಂದ್ಸಲ ನೋಡ್ಲಾ?" ಎಂದ. ದನಿ ಅವನಿಗೇ ಕೇಳಿಸಲಿಲ್ಲ.

ಅವಳು ಅವನನ್ನು ನೋಡಿದಳು, ಮಷೀನನ್ನು ನೋಡಿದಳು. "ಮುಟ್ಟಿ. ಇದಕ್ಕಿಂತ ಇನ್ನೇನು ಕೆಡುತ್ತೆ," ಎಂದು ಕೀಲಿಯನ್ನು ಮೇಜಿನ ಮೇಲೆ ಎಸೆದಳು. ಇದು ಅವನು ಕಾಯುತ್ತಿದ್ದ ಮಾತಲ್ಲ. ಆದರೂ ಎದ್ದ.

ಮೊದಲು ಬೆಲ್ಟ್ ಕಳಚಿ ಪೆಡಲನ್ನಷ್ಟೇ ಆಡಿಸಿದ. ಸರಾಗವಾಗಿ ಆಡಿತು. ಅಂದರೆ ತೊಂದರೆ ಮೇಲೆ. ಕೈಚಕ್ರ ಹಿಡಿದು ಮೆಲ್ಲಗೆ ತಿರುಗಿಸಿದ. ಅರ್ಧ ಸುತ್ತು ಬಂದು ಟಕ್ ಎಂದಿತು. ಒತ್ತಲಿಲ್ಲ, ಹಿಂದಕ್ಕೆ ಬಿಟ್ಟು ಇನ್ನೊಮ್ಮೆ ತಿರುಗಿಸಿ ಕಿವಿಯಿಟ್ಟ. ಸದ್ದು ಸೂಜಿಯ ಕೆಳಗಿನಿಂದ. ಕಪಾಟಿನಲ್ಲಿ ಆಟಿಕೆಗಳ ಜೊತೆಗಿಟ್ಟಿದ್ದ ಮೊಟ್ಟೆ ಟ್ರೇ ತಂದು ಪಕ್ಕಕ್ಕಿಟ್ಟುಕೊಂಡ. ಮಷೀನಿನ ತಲೆಯನ್ನು ಹಿಂದಕ್ಕೆ ವಾಲಿಸಿ, ಕೆಳದಾರದ ಬಾಬಿನ್ ಇರುವ ಡಬ್ಬಿ ತೆಗೆದು ಮೊದಲ ಗುಳಿಗೆ ಹಾಕಿದ. ಅದರೊಳಗಿನ ಬಾಬಿನ್ ಎರಡನೆಯದಕ್ಕೆ. ಹೆಂಡತಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಈ ಕೈಗಳು ಅವಳಿಗೆ ಪರಿಚಯವಿರಲಿಲ್ಲ. ಇವಕ್ಕೆ ಅವಸರವೇ ಇರಲಿಲ್ಲ.

ಬಾಬಿನ್ ಹಿಂದೆ ತಿರುಗುವ ಶಟಲನ್ನು ಹೊರಗೆ ತೆಗೆದಾಗ, ಅದರ ಗೂಡಿನಲ್ಲಿ ಬಿಳಿ ದಾರ ಸುತ್ತಿ ಮುದ್ದೆಯಾಗಿತ್ತು. ಚಿಮುಟದಿಂದ ಎಳೆ ಎಳೆಯಾಗಿ ಬಿಡಿಸಿದ. ಮುದ್ದೆಯ ಒಳಗಿನಿಂದ ಮಿಣ್ಣಗೆ ಹೊಳೆಯುತ್ತ ಮುರಿದ ಸೂಜಿಯ ತುದಿ ಬಂತು.

"ಅಯ್ಯೋ ಶಿವನೇ, ಇದನ್ನೇ ನಾನು ನೆಲದಲ್ಲೆಲ್ಲ ಹುಡುಕಿದ್ದು," ಎಂದಳು ಹೆಂಡತಿ.

ಅವನು ಬಟ್ಟೆಯಿಂದ ಒರೆಸಿ, ಡ್ರಾಯರಿನಿಂದ ಎಣ್ಣೆ ಬಾಟಲಿ ತೆಗೆದ. ಹೆಂಡತಿಯ ಕೈ ತಾನಾಗಿ ಮುಂದೆ ಬಂತು. ಅವನು ಬಾಟಲಿಯ ಮೇಲಿನ ಚೀಟಿಯನ್ನು ಅವಳತ್ತ ತಿರುಗಿಸಿ ತೋರಿಸಿ, ಒಂದೇ ಹನಿ ಬಿಟ್ಟ. ಬಲದಿಂದ ಎಡಕ್ಕೆ ಒಂದೊಂದನ್ನೇ ಮರಳಿ ಕೂರಿಸಿದ. ಬೆಲ್ಟ್ ಏರಿಸಲು ಕೈ ಚಾಚಿದಾಗ ಹಿಂದಿನಿಂದ ಅತ್ತೆಯ ದನಿ ಬಂತು.

"ಅಳಿಯಂದ್ರೇ, ಟ್ರೇಲಿ ಒಂದು ಉಳೀತಲ್ಲ."

ನಿಜ, ಟ್ರೇಯ ಮೂಲೆಯ ಗುಳಿಯಲ್ಲಿ ಒಂದು ಸ್ಕ್ರೂ ಇತ್ತು. ಹೆಂಡತಿಯ ಮುಖ ಬಿಳಿಚಿತು. ಹಳೆಯ ಲಿಫ್ಟಣ್ಣನಾಗಿದ್ದರೆ ಬೆವರು ಕಿತ್ತು ಬಂದು, ಮಷೀನನ್ನು ಮತ್ತೆ ಬಿಚ್ಚಿ ಹಾಳುಗೆಡವುತ್ತಿದ್ದ. ಇವನು ಸ್ಕ್ರೂವನ್ನು ಎತ್ತಿ ಬೆಳಕಿಗೆ ಹಿಡಿದ.

"ಇದು ಮಷೀನಿಂದಲ್ಲ ಅತ್ತೆ. ಹಿತ್ತಾಳೆದು. ಟೀ ಪಾತ್ರೆ ಹಿಡಿಕೇದು, ನಾನೇ ಹಾಕಿದ್ದು," ಎಂದ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಹೆಂಡತಿ ಸ್ಕ್ರೂವನ್ನು ಅವನ ಕೈಯಿಂದ ತೆಗೆದುಕೊಂಡು ನೋಡಿದಳು.

"ನೀವಾ?" ಎಂದಳು ಹೆಂಡತಿ. "ಮತ್ತೆ ಚಿಲಕ? ನಲ್ಲಿ?"

"ಎಲ್ಲಾ ಇವ್ರೇ ಕಣೆ," ಎಂದರು ಅತ್ತೆ. "ನಾನು ಕಣ್ಣು ಮುಚ್ಚಿದ ಮಾತ್ರಕ್ಕೆ ನಿದ್ದೆ ಮಾಡ್ತೀನಿ ಅಂದ್ಕೊಂಡಿದಾರೆ ನಿನ್ನ ಗಂಡ. ಇವ್ರು ಬಾಯಿ ಬಿಡಲ್ಲ, ನೀನು ಕಣ್ಣು ಬಿಡಲ್ಲ. ನೋಡಿ ನೋಡಿ ನಂಗೆ ಸಾಕಾಯ್ತು. ಅದಕ್ಕೇ ಈಗ ಒಳಗೆ ಹೋಗಿ ಅದನ್ನ ಬಿಚ್ಚಿ ತಂದು ಹಾಕ್ದೆ."

ಲಿಫ್ಟಣ್ಣ ಬೆಲ್ಟ್ ಏರಿಸಿ ಪಕ್ಕಕ್ಕೆ ಸರಿದ. ಹೆಂಡತಿ ಕೂತು ಪೆಡಲು ತುಳಿದಳು. ಮಷೀನು ಟಕಟಕಟಕ ಎಂದು ಓಡಿತು. ಹೊಲಿಗೆ ನೇರವಾಗಿ, ಒತ್ತಾಗಿ ಬಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊನೆಯ ಕೋಟು ಇಸ್ತ್ರಿಗೆ ಬಂತು. ಈ ಸಲ ಹೆಂಡತಿ ಕಾವಲು ನಿಲ್ಲಲಿಲ್ಲ, ಮುಖ ತೊಳೆಯಲು ಹೋದಳು.

ಸೋಮವಾರ ಬೆಳಿಗ್ಗೆ ಅವಳು ಕೋಟುಗಳ ಗಂಟು ಹೊತ್ತು ಹೋಗಿ, ಮುಂದಿನ ಕೆಲಸವನ್ನೂ ಒಪ್ಪಿಕೊಂಡು ಬಂದಳು. ಲಿಫ್ಟಣ್ಣ ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ. ಅವಳು ಸೀದಾ ಅಡುಗೆಮನೆಗೆ ಹೋಗಿ, ಒಂದು ಕೈಯಲ್ಲಿ ಟೀ ಪಾತ್ರೆ, ಇನ್ನೊಂದರಲ್ಲಿ ಅದರ ಹಿಡಿಕೆ ಹಿಡಿದು ಬಂದಳು. ಸ್ಕ್ರೂಡ್ರೈವರ್ ಇದ್ದ ಡ್ರಾಯರು ತೆರೆದೇ ಇತ್ತು, ಕೀಲಿ ಅದರಲ್ಲೇ ನೇತಾಡುತ್ತಿತ್ತು. ತಾನೇ ತಿರುಗಿಸಿಕೊಂಡರೆ ಒಂದು ನಿಮಿಷದ ಕೆಲಸ.

"ರೀ," ಎಂದಳು, "ಇದೊಂಚೂರು ನೋಡಿ."

ಲಿಫ್ಟಣ್ಣ ಅಕ್ಕಪಕ್ಕದ ಮನೆಗಳ ಗಂಡಂದಿರ ಹಾಗೆ ಒಂದಿಷ್ಟು ಗೊಣಗೋಣ ಎಂದುಕೊಂಡ, ಆಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದ.