ರುಮಾಲಿಗೆ ಕತ್ತರಿ ಹಾಕಿದವಳು ಹೇಳುವುದು

ಮೊದಲ ದಿನ ಬೆಳಗಿನ ಜಾವ ಈ ಊರು ನನ್ನನ್ನು ಅರಚಿ ಎಬ್ಬಿಸಿತು. ಕೋಳಿಯಲ್ಲ, ಬೀಸುಕಲ್ಲಲ್ಲ, ಆಕಾಶ ಹರಿದು ಬಿದ್ದಂಥ ಕೂಗು, ನಡುವೆ ಉಸಿರು ತೆಗೆದುಕೊಳ್ಳದ ಕೂಗು. ನಾಲ್ಕು ವರ್ಷದ ಮಗಳು ನೀಲಾಳನ್ನು ಬಗಲಿಗೆ ಹಾಕಿಕೊಂಡು, ಸೆರಗು ಎಲ್ಲಿದೆ ಎಂದು ಸಹ ನೋಡದೆ ಬೀದಿಗೆ ಓಡಿದೆ. ಎದುರು ಮನೆಯ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತಿದ್ದ ಮುದುಕಿ ನಕ್ಕಳು. ನಮ್ಮ ಯಜಮಾನರೂ ಬಾಗಿಲಲ್ಲಿ ನಿಂತು ನಕ್ಕರು. ಅದು ಭೋಂಗಾ ಅಂತೆ. ಹತ್ತಿ ಮಿಲ್ಲಿನವರು ಆಳುಗಳನ್ನು ಕರೆಯಲು ಊದುವ ಉಗಿಯ ಸಿಳ್ಳು. ಆಳುಗಳನ್ನು ಕರೆಯುವುದಕ್ಕೆ ಊರಿಗೆ ಊರನ್ನೇ ಎಬ್ಬಿಸಬೇಕೇ ಎಂದು ಕೇಳಿದೆ. ಅದಕ್ಕೂ ನಕ್ಕರು. ನನ್ನ ಸಿಟ್ಟು ಅಲ್ಲಿಂದ ಶುರುವಾದದ್ದು.

ಕಮಲಾಪುರದ ನನ್ನ ಓರಗೆಯವರೇ, ಗಂಡನ ಮದುವೆಯ ರುಮಾಲಿಗೆ ನಾನು ಕತ್ತರಿ ಹಾಕಿದೆ ಎಂಬ ಸುದ್ದಿ ನಿಮ್ಮ ಬಾವಿಕಟ್ಟೆಯಲ್ಲಿ ಎಷ್ಟು ದಿನದಿಂದ ಸುತ್ತುತ್ತಿದೆ ಎಂದು ನನಗೆ ಗೊತ್ತು. ಬಾಳೆಹಣ್ಣಿನ ಗಾಡಿಯ ಜೊತೆ ಬಂದವರು ಹೇಳಿದರು. ಪ್ಯಾಟಿ ನೀರು ಕುಡಿದು ಶರಣವ್ವನ ತಲೆ ತಿರುಗಿದೆ ಎಂದಿರಂತೆ. ಮಠದ ಅಯ್ಯನವರು ಮರಳಿನ ಮೇಲೆ ತಿದ್ದಿಸಿದ ಅಕ್ಷರ ಇವತ್ತು ಉಪಯೋಗಕ್ಕೆ ಬಂತು. ಓದಲು ಬರುವವರು ಬಾರದವರಿಗೆ ಓದಿ ಹೇಳಿ. ಕತ್ತರಿ ಹಾಕಿದ್ದು ನಿಜ. ಯಾಕೆ ಹಾಕಿದೆ ಎಂಬುದನ್ನು ಯಾರೂ ಕೇಳಲಿಲ್ಲ.

ನಾವಿರುವುದು ಬ್ರಹ್ಮಪುರದಲ್ಲಿ, ದೊಡ್ಡ ವಾಡೆಯೊಂದರ ಹಿಂದಿನ ಎರಡು ಖೋಲಿಗಳಲ್ಲಿ. ನೀವೂ ನಾನೂ ಕಲಬುರ್ಗಿ ಎನ್ನುವ ಊರನ್ನು ಯಜಮಾನರು ಆ ಮಿಲ್ಲಿನಲ್ಲಿ ಗುಮಾಸ್ತರಾದ ಮೇಲೆ ಗುಲ್ಬರ್ಗಾ ಎನ್ನುತ್ತಾರೆ. ನಮ್ಮಲ್ಲಿ ಹಿತ್ತಲಿಗೆ ಹೋದರೆ ಹೊಲ ಕಾಣುತ್ತದೆ, ಇಲ್ಲಿ ಇನ್ನೊಬ್ಬರ ಹಿತ್ತಲು ಕಾಣುತ್ತದೆ. ಅಲ್ಲಿ ಅಂಗಳದಲ್ಲಿ ನಿಂತು ಕರೆದರೆ ನಾಲ್ಕು ಮಂದಿ ಓಗೊಡುತ್ತಿದ್ದರು. ಇಲ್ಲಿ ಮೊದಲ ತಿಂಗಳು ನನ್ನ ಜೊತೆ ಮಾತಾಡಿದವಳು ಎದುರು ಮನೆಯ ಆ ಮುದುಕಿ ಒಬ್ಬಳೇ, ಹುಸೇನಬೀ. ಬೀದಿಯವರೆಲ್ಲ ಅವಳಿಗೆ ಖಾಲಾ ಎನ್ನುತ್ತಾರೆ, ಚಿಕ್ಕವ್ವ ಎಂದು ಅರ್ಥ. ಅರ್ಧ ಅವಳ ಮಾತು, ಅರ್ಧ ನಮ್ಮದು ಸೇರಿಸಿ ಬಾಜಾರಿನಲ್ಲಿ ಹೇಗೆ ಕೇಳಬೇಕು ಎಂದು ಕಲಿಸಿದಳು. ಚಿಮಣಿ ಎಣ್ಣೆಗೆ ಘಾಸಲೇಟು ಎನ್ನಬೇಕು, ಹಳೆಯ ಸೀರೆ ಕೂಡಿಸಿ ಹೊಲಿಯುವ ನಮ್ಮ ಕೌದಿಗೆ ಗೋದಡಿ ಎನ್ನಬೇಕು. ಹೆಸರು ಬೇರೆಯಾದರೂ ಕೌದಿ ಇಲ್ಲಿಯೂ ಇದೆ ಎಂದು ತಿಳಿದ ದಿನ ನನಗೆ ಅನ್ನ ರುಚಿಸಿತು.

ಯಜಮಾನರಿಗೆ ಮಾತ್ರ ಈ ಊರು ಮೊದಲ ದಿನವೇ ಒಗ್ಗಿತು. ರುಮಾಲು ಬಿಟ್ಟು ರೂಮಿ ಟೋಪಿ ಹಾಕಿದರು, ಕೆಂಪಗಿನದು, ಮೇಲೆ ಕರಿ ಗೊಂಡೆ. ದಫ್ತರದಲ್ಲಿ ದೊಡ್ಡವರೆಲ್ಲ ಅದನ್ನೇ ಹಾಕುತ್ತಾರಂತೆ. ಆಮೇಲೆ ಒಂದೊಂದೇ ಯಂತ್ರ ಮನೆ ಹೊಕ್ಕಿತು. ಮೊದಲು ಗೋಡೆಯ ಘಡಿ. ಅದಕ್ಕೆ ಚಾವಿ ಕೊಡುವ ಹಕ್ಕು ಅವರೊಬ್ಬರದೇ. ಹೊಟ್ಟೆ ಹಸಿದರೂ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಉಣ್ಣುವಂತಿಲ್ಲ. ಆಮೇಲೆ ಪಂಪು ಹೊಡೆಯುವ ಸ್ಟೋ. ಅದರ ಮುಂದೆ ಕೂತಾಗ ಅವರ ಮುಖದಲ್ಲಿ ಕಾಣುವ ಭಕ್ತಿ ಲಿಂಗಪೂಜೆಗೆ ಕೂತಾಗಲೂ ನಾನು ಕಂಡಿಲ್ಲ. ಅದರ ಮೇಲೆ ರೊಟ್ಟಿ ಮಾಡಿ ನೋಡಿ, ನಡುವೆ ಕರಿ, ಅಂಚು ಹಸಿ. ಹೇಳಿದರೆ ನನಗೆ ಬೇಯಿಸಲು ಬರುವುದಿಲ್ಲ ಎಂದರು. ಏಳು ವರ್ಷ ಇದೇ ಕೈಯ ರೊಟ್ಟಿ ತಿಂದು ಮೈ ಬಂದವರು ಅಂದ ಮಾತು ಅದು. ಬೀಸುವ ಕೆಲಸವನ್ನೂ ಬಿಡಿಸಿದರು. ಹಿಟ್ಟಿನ ಗಿರಣಿಯಿಂದ ಹಿಟ್ಟೇ ಬರತೊಡಗಿತು. ರಟ್ಟೆಗೆ ಸುಖವಾಯಿತು, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಸುಖವನ್ನೂ ಹೇಳಿಬಿಡುತ್ತೇನೆ. ಬಿಸಿಲು ನೆತ್ತಿ ಸುಡುವ ಒಂದು ಮಧ್ಯಾಹ್ನ ಯಜಮಾನರು ಮರದ ಹೊಟ್ಟು ಮೆತ್ತಿದ ಗೋಣಿಯ ಗಂಟು ಹಿಡಿದು ಓಡುತ್ತ ಬಂದರು. ಒಳಗೆ ಬರ್ಫ, ಕಲ್ಲಾದ ನೀರು. ನೀಲಾ ಮುಟ್ಟಿ, ಸುಟ್ಟಿತು ಎಂದು ಅತ್ತಳು. ಬೆಲ್ಲ, ನಿಂಬೆ ಹಿಂಡಿ ಪಾನಕ ಮಾಡಿ ನಾಲ್ಕೂ ಮಂದಿ ಕುಡಿದೆವು, ಖಾಲಾಳೂ ಸೇರಿ. ಕರಗುವ ಮುಂಚೆ ಕೊನೆಯ ಚೂರನ್ನು ಯಜಮಾನರು ತಾವು ಬಾಯಿಗೆ ಹಾಕಿಕೊಳ್ಳದೆ ನನ್ನ ಅಂಗೈಗಿಟ್ಟರು. ನಾನಾಗ ಆರು ತಿಂಗಳ ಬಸುರಿ. ಅಂಥ ಮನುಷ್ಯನ ಮೇಲೆ ಸಿಟ್ಟು ಮಾಡುವುದೂ ಕಷ್ಟ. ಅದಕ್ಕೂ ಸಿಟ್ಟು ಬರುತ್ತದೆ.

ಇನ್ನು ಕೌದಿಯ ಮಾತು. ಚೊಚ್ಚಲಿಗೆ ತವರು, ಎರಡನೆಯದಕ್ಕೆ ಗಂಡನ ಮನೆ ಎಂಬುದು ನಿಮಗೆ ಗೊತ್ತಿದ್ದದ್ದೇ. ಹೆರಲು ತವರಿಗೆ ಬರುತ್ತೇನೆ ಎಂದು ನಾನು ಕೇಳಲಿಲ್ಲ. ಯುಗಾದಿಯಾದ ಮೇಲೆ ಹದಿನೈದು ದಿನ ಅವ್ವನ ಜೊತೆ ಕೂತು ಕೂಸಿನ ಕೌದಿ ಹೊಲಿದು ಬರುತ್ತೇನೆ ಎಂದೆ. ಅವ್ವನ ಕಣ್ಣಿಗೆ ಪೊರೆ ಬಂದಿದೆ. ಮುಂದಿನ ಬೇಸಿಗೆಗೆ ಅವಳಿಗೆ ಸೂಜಿಯೂ ಕಾಣುವುದಿಲ್ಲ. ಯಜಮಾನರು ಒಪ್ಪಲಿಲ್ಲ. ಅಡಿಗೆ ಯಾರು ಮಾಡಬೇಕು ಎಂದರು. ಮರುವಾರ ಕೈಯಿಂದ ತಿರುಗಿಸುವ ಹೊಲಿಗೆ ಮಶೀನು ತಂದು ಮುಂದಿಟ್ಟರು. ಹದಿನೈದು ದಿನದ ಕೆಲಸವನ್ನು ಇದು ಒಂದು ದಿನಕ್ಕೆ ಮುಗಿಸುತ್ತದಂತೆ. ಕೌದಿ ಬೇಗ ಮುಗಿಯಲಿ ಎಂದು ಯಾವ ಹೆಣ್ಣುಮಗಳು ಕೇಳಿದ್ದಳು?

ನಾನು ಬರುವುದಿಲ್ಲ ಎಂದು ಗೊತ್ತಾಗಿ ಅವ್ವ ಬಾಳೆಹಣ್ಣಿನ ಗಾಡಿಯಲ್ಲಿ ಒಂದು ಗಂಟು ಕಳಿಸಿದಳು. ಮೇಲೆ ಒಂದು ಚಿಪ್ಪು ಕೆಂಪು ಬಾಳೆ, ಕೆಳಗೆ ಮೂರು ಹಳೆಯ ಸೀರೆ. ಅಜ್ಜಿಯ ಕರಿ ಚಂದ್ರಕಾಳಿ, ಅವ್ವನ ಹಸಿರು ಇಳಕಲ್ಲು, ಚಿಕ್ಕವ್ವನದೊಂದು. ನನ್ನನ್ನು ಸಾಕಿದವಳು ಅಜ್ಜಿ. ಅವಳು ಹೋಗಿ ಎರಡು ವರ್ಷವಾದರೂ ಆ ಸೀರೆಯಲ್ಲಿ ಅವಳ ಅಡಕೆ ಸುಣ್ಣದ ವಾಸನೆ ಇತ್ತು. ಕೂಸಿನ ಮೈಗೆ ತಾಗುವ ಪದರ ಅದೇ ಆಗಬೇಕು ಎಂದು ಅವ್ವ ಹೇಳಿ ಕಳಿಸಿದ್ದಳು. ಗಂಟನ್ನು ಮಂಚದ ಕೆಳಗಿಟ್ಟು, ಮರುದಿನ ಒಳ್ಳೆಯ ವಾರ ನೋಡಿ ಕೂರಬೇಕೆಂದುಕೊಂಡು ನಳದ ನೀರಿಗೆ ಹೋದೆ.

ನಳದ ಮುಂದೆ ಸಾಲು ಉದ್ದವಿತ್ತು. ತಿರುಗಿ ಬರುವ ಹೊತ್ತಿಗೆ ಯಜಮಾನರು ಪಡಸಾಲೆಯಲ್ಲಿ ಮಶೀನು ಬಿಚ್ಚಿ ಕೂತಿದ್ದರು. ಮುಂದೆ ಎಣ್ಣೆಯ ಡಬ್ಬಿ. ಕೈಯಲ್ಲಿ ಕರಿ ಬಟ್ಟೆಯ ಪಟ್ಟಿ. ಅಂಥ ಪಟ್ಟಿಗಳು ಸುತ್ತಲೂ ಬಿದ್ದಿದ್ದವು, ಕರಿಯವು, ಹಸಿರಿನವು. ಮಶೀನು ಒರೆಸಿಯಾಗಿತ್ತು. ಸ್ಟೋ ಒರೆಸಿಯಾಗಿತ್ತು. ಕಂದೀಲಿನ ಗಾಜು ಥಳಥಳ ಹೊಳೆಯುತ್ತಿತ್ತು. ಚಿಕ್ಕವ್ವನ ಸೀರೆಯೊಂದು ಮಡಿಕೆ ಬಿಚ್ಚದೆ ಉಳಿದಿತ್ತು, ಅದರ ಸರದಿ ಬಂದಿರಲಿಲ್ಲ.

ಕೊಡ ಕೆಳಗಿಡುವುದನ್ನೂ ಮರೆತು ನಿಂತೆ. ಇದೇನು ಮಾಡಿದಿರಿ ಎಂದು ಕೇಳಿದೆ. ಅವರಿಗೆ ನಾನು ಏನು ಕೇಳುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ಮಿಲ್ಲಿನಲ್ಲಿ ಯಂತ್ರ ಒರೆಸಲು ದಿನವೂ ಹೊರೆಗಟ್ಟಲೆ ಚಿಂದಿ ಬರುತ್ತದೆ. ಅದನ್ನು ನೋಡಿ ನೋಡಿ ಅವರ ಕಣ್ಣಿಗೆ ಹಳೆಯ ಬಟ್ಟೆ ಎಂದರೆ ಚಿಂದಿಯೇ ಆಗಿಬಿಟ್ಟಿದೆ.

"ಹಳೀ ಅರಬಿ ಅಲ್ಲೇನ? ಅದರಾಗ ಏನದ? ಬಾಜಾರದಾಗ ಹೊಸಾ ರಜಾಯಿ ಸಿಗ್ತಾವ, ತಂದ್ ಕೊಡ್ತೀನಿ ತಗೋ," ಎಂದರು.

ನಾನು ಅತ್ತೆ ಎಂದುಕೊಂಡಿರೇನು? ಇಲ್ಲ. ಮೈಯೆಲ್ಲ ಉರಿದುಹೋಯಿತು. ಆ ಪಟ್ಟಿಗಳನ್ನೆಲ್ಲ ಬಾಚಿಕೊಂಡು ಹಿತ್ತಲಿಗೆ ಹೋಗಿ ಸವಳು ಮಣ್ಣು ಹಾಕಿ ಕುದಿಸಿದೆ, ಅಂಟವಾಳದಲ್ಲಿ ತಿಕ್ಕಿದೆ. ಮಣ್ಣಾದರೆ ಹೋಗುತ್ತದೆ, ಅರಿಶಿನವಾದರೂ ಬಿಸಿಲಿಗೆ ಹೋಗುತ್ತದೆ, ಆ ಯಂತ್ರದ ಎಣ್ಣೆ ಹೋಗಲಿಲ್ಲ. ಹೋದದ್ದು ಅಜ್ಜಿಯ ವಾಸನೆ. ಖಾಲಾ ಬಂದು ಒಂದು ಪಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. "ತೇಲ್ ಹೋಗಂಗಿಲ್ಲ ಬೇಟಿ. ಅರಬಿ ಅಂತೂ ಅದ ಅಲ್ಲಾ? ಹೊಲಿ," ಎಂದಳು.

ಹೊಲಿಯಲು ಕೂತೆ, ಕೈಯಿಂದಲೇ. ಆದರೆ ಪಟ್ಟಿಗಳನ್ನು ಕೂಡಿಸಬೇಕಾದರೆ ಕೆಳಗೆ ಒಂದು ಅಖಂಡ ಬಟ್ಟೆ ಬೇಕು. ಚಿಕ್ಕವ್ವನ ಸೀರೆ ಒಂದು ಮಗ್ಗುಲಿಗೆ ಆಯಿತು. ಇನ್ನೊಂದು ಮಗ್ಗುಲಿಗೆ? ಟ್ರಂಕು ತೆಗೆದೆ. ಮೇಲೆಯೇ ಇತ್ತು ಮದುವೆಯಲ್ಲಿ ನಮ್ಮಪ್ಪ ಅಳಿಯನ ತಲೆಗೆ ಸುತ್ತಿದ ರುಮಾಲು, ಕುಸುಬೆ ಬಣ್ಣದ್ದು, ಜರಿಯಂಚಿನದು. ಟೋಪಿ ಬಂದ ಮೇಲೆ ಅದನ್ನು ಯಾರು ಮುಟ್ಟಿದ್ದರು? ಕತ್ತರಿ ಹಾಕಿ ಮೂರು ತುಂಡು ಮಾಡಿ ಅಗಲಕ್ಕೆ ಜೋಡಿಸಿದೆ. ಗಂಡಸಿನ ರುಮಾಲು ಎಂದರೆ ಅವನ ಮಾನ, ಅದು ನನಗೂ ಗೊತ್ತು. ಅಜ್ಜಿಯ ಸೀರೆ ಏನೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಅವರು ದಫ್ತರದಲ್ಲಿರುವಾಗಲಷ್ಟೇ ದಿನವೂ ಹೊಲಿದೆ. ಕೊನೆಯ ಮೂಲೆಗೆ ಬಂದ ದಿನ, ಸಂಜೆ ಬಂದವರು ಬಾಗಿಲಲ್ಲೇ ನಿಂತರು. ಜರಿಯಂಚನ್ನು ಗುರುತು ಹಿಡಿದರು. ನಾನು ಸೂಜಿ ನಿಲ್ಲಿಸದೆ ಹೇಳಿದೆ: "ಹಳೀ ಅರಬಿ ಅಲ್ಲೇನ್ರಿ?"

ಅವರು ಕೈ ಎತ್ತಲಿಲ್ಲ, ದನಿಯನ್ನೂ ಏರಿಸಲಿಲ್ಲ. ನಾಳೆಯೇ ಗಾಡಿ ಹೇಳುತ್ತೇನೆ, ತವರಿಗೆ ನಡೆ, ನಾನು ಕರೆಯಲು ಬರುವವರೆಗೆ ಬರಬೇಡ ಎಂದರು. ನೋಡಿ, ಬೇಡಿಕೊಂಡಾಗ ಸಿಗದ ತವರು ದಂಡನೆಯೆಂದು ಸಿಕ್ಕಿತು.

ಮರುದಿನ ಗಾಡಿ ಮಹಾಗಾಂವ ದಾಟಿದಾಗ ನಮ್ಮ ಕಡೆಯ ಗಾಳಿ ಬಡಿಯಿತು. ಮನೆ ಮುಟ್ಟಿ ಅವ್ವನ ತೊಡೆಯ ಮೇಲೆ ಕೌದಿ ಹಾಸಿದೆ, ಒಂದು ಮೂಲೆ ಮಾತ್ರ ತೆರೆದಿತ್ತು. ಕೊನೆಯ ಮೂಲೆಗೆ ಚಿಟಿಕೆ ಜೋಳ ತುಂಬಿ ಹಿರಿಯರು ಮುಚ್ಚುವುದು ನಮ್ಮ ಮನೆಯ ರೂಢಿ. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಹಸಿದಿರಲು ಬಿಡುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅವ್ವ ಕಣ್ಣಿನಿಂದಲ್ಲ, ಬೆರಳಿನಿಂದ ನೋಡಿದಳು.

"ನಮ್ಮವ್ವನ ಸೀರಿ ಇಷ್ಟ್ ತುಂಡ್ ಯಾಕ ಆಗ್ಯಾದ?"

ಮಶೀನಿಗೆ ಸಣ್ಣ ತುಂಡೇ ಬೇಕಂತೆ ಎಂದೆ. ಮೂಗಿಗೆ ಹಿಡಿದು, ಇದೇನು ವಾಸನೆ ಎಂದಳು. ಕಲಬುರ್ಗಿಯ ವಾಸನೆ ಎಂದೆ. ಇನ್ನೊಂದು ಮಗ್ಗುಲು ಮುಟ್ಟಿ, ಇಷ್ಟು ಮೆತ್ತಗಿರುವುದು ಯಾರದು ಎಂದಳು. ರುಮಾಲು ಎಂದೆ. ಅವತ್ತು ಪಡಸಾಲೆಯಲ್ಲಿ ಕೂತಿದ್ದ ನೀವು ಅಷ್ಟನ್ನೇ ಕೇಳಿಸಿಕೊಂಡು ಎದ್ದು ಹೋದದ್ದು.

ನೀವು ಹೋದ ಮೇಲೆ ಅವ್ವ ಇನ್ನೊಮ್ಮೆ ಆ ಪಟ್ಟಿಗಳ ಮೇಲೆ ಕೈಯಾಡಿಸಿದಳು. "ಸುಡ್ಲಿ ಆ ಊರ," ಎಂದಳು. ನನಗೆ ತಟ್ಟನೆ ಸಿಟ್ಟು ಬಂತು, ಅವ್ವನ ಮೇಲೆ. ಆ ಊರಲ್ಲಿ ಖಾಲಾ ಇದ್ದಾಳೆ, ಬಿಸಿಲಲ್ಲಿ ಬರ್ಫ ಸಿಗುತ್ತದೆ, ಎಲ್ಲರೂ ಕೆಟ್ಟವರಲ್ಲ ಎಂದು ವಾದಕ್ಕಿಳಿದೆ. ಮೂರು ತಿಂಗಳು ಬೈದ ಊರಿನ ಪರವಾಗಿ ನಾನೇ ಜಗಳ ಕಾದೆ. ಅವ್ವ ಜೋಳದ ಕಾಳನ್ನು ನನ್ನ ಸೆರಗಿಗೆ ಕಟ್ಟಿದಳು, ಮೂಲೆಯನ್ನು ಮಾತ್ರ ಹೊಲಿಯಲಿಲ್ಲ. "ಕೂಸು ಹುಟ್ಟೂದು ಅಲ್ಲಿ. ಅಲ್ಲೀ ಮನಿ ಕಾಳೂ ಬೀಳಲಿ, ಆಮ್ಯಾಲ ನೀನೇ ಮುಚ್ಚು," ಎಂದಳು.

ಮಿರಗದ ಮಳೆಗೆ ಮುಂಚೆ ಯಜಮಾನರು ಕರೆಯಲು ಬಂದರು. ಅತ್ತೆಯ ಮನೆಯೆಂದು ಟೋಪಿ ಬಿಟ್ಟು ತಲೆಗೆ ಒಂದು ಪಂಜೆ ಸುತ್ತಿಕೊಂಡಿದ್ದರು. ಉಂಡರು, ಗಾಡಿ ಕಟ್ಟಿಸಿದರು. ಬ್ರಹ್ಮಪುರಕ್ಕೆ ಬಂದು ಮೂಲೆ ಮುಚ್ಚಲು ಕೂತರೆ ಅವ್ವನ ಕಾಳಿನ ಜೊತೆ ಹಾಕಲು ಮನೆಯಲ್ಲಿ ಒಂದು ಕಾಳು ಜೋಳವಿಲ್ಲ. ಡಬ್ಬಿ ತುಂಬ ಗಿರಣಿಯ ಹಿಟ್ಟು. ಮೂರು ಯಂತ್ರಗಳಿರುವ ಮನೆಯಲ್ಲಿ ಒಂದು ಕಾಳಿಲ್ಲ ಎಂದು ನಾನು ಕೂಗಾಡಿದೆ. ಯಜಮಾನರು ಎದ್ದು ಖಾಲಾಳ ಮನೆಗೆ ಹೋಗಿ ಮುಷ್ಟಿಯಲ್ಲಿ ಜೋಳ ತಂದರು. ಬಗ್ಗಿ ನನ್ನ ಅಂಗೈಗೆ ಸುರಿಯುತ್ತ ಕೇಳಿದರು: "ನಿಮ್ಮವ್ವಗ ಸೀರಿ ಮಾತ್ ಹೇಳ್ದೇನ?"

ಹೇಳಲಿಲ್ಲ ಎಂದೆ. ನಾನು ಮೂಲೆ ಮುಚ್ಚಿ ಗಂಟು ಹಾಕುವವರೆಗೂ ಅವರು ಅಲ್ಲೇ ಕೂತಿದ್ದರು.

ಅವರ ಮಾನ ಉಳಿಸಲು ಹೋಗಿ ನಿಮ್ಮ ಬಾಯಲ್ಲಿ ನಾನು ಬಜಾರಿಯಾದೆ. ಅದಕ್ಕೇ ಇಷ್ಟು ಬರೆದದ್ದು. ನನ್ನ ಸಿಟ್ಟು ಇಳಿದಿಲ್ಲ. ನಿಮ್ಮ ಮೇಲೆ ಇದೆ, ಅವರ ಮೇಲೆ ಇದೆ, ಈಗ ಮತ್ತೆ ಅರಚುತ್ತಿರುವ ಆ ಭೋಂಗಾದ ಮೇಲೆಯೂ ಇದೆ. ಕಮಲಾಪುರದಲ್ಲಿದ್ದ ಹದಿನೈದು ದಿನವೂ ಅದು ಕೂಗುವ ಹೊತ್ತಿಗೆ ಸರಿಯಾಗಿ ನನಗೆ ಎಚ್ಚರವಾಗುತ್ತಿತ್ತು, ಯಾರಿಗೂ ಹೇಳಲಿಲ್ಲ. ಒಂದು ಮಾತು ನಡೆಸಿಕೊಡಿ. ಇದನ್ನು ಅವ್ವನಿಗೆ ಓದಿ ಹೇಳುವಾಗ ಸೀರೆ ಹರಿದ ಭಾಗವನ್ನು ಬಿಟ್ಟುಬಿಡಿ. ಅವಳ ಬೆರಳಿಗೆ ಅದು ಆಗಲೇ ತಿಳಿದಿರಬಹುದು. ಆದರೂ ಕಿವಿಗೆ ಬಿದ್ದರೆ ಅವಳು ಈ ಊರಿಗೆ ಮತ್ತೆ ಶಾಪ ಹಾಕುತ್ತಾಳೆ. ನನ್ನ ಕೂಸು ಹುಟ್ಟುವುದು ಇಲ್ಲಿ.